ಬಳ್ಳಿಯ ಹೆಸರು, ಬೂದಿಯ ಮದ್ದು

ಅರಬ್ಬೀ ಸಮುದ್ರಕ್ಕೂ ಪಶ್ಚಿಮ ಘಟ್ಟಕ್ಕೂ ನಡುವಿನ ಕಿರಿದಾದ ನೆಲದಲ್ಲಿ, ಇಂದಿನ ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿಗೆ ಸೇರಿದ ಎಲ್ಲೂರು, ಅಲ್ಲಿನ ಶಿವ ದೇವಾಲಯದಿಂದ ಹೆಸರಾದ ಊರು. ಈ ಊರಿಗೂ ನೆರೆಯ ಶಂಕರಪುರ, ಕಾರ್ಕಳ, ಉಡುಪಿಗಳಿಗೂ ಸಮಾನವಾದ ತೋಟಗಾರಿಕೆಯ ಚರಿತ್ರೆಯೊಂದಿದ್ದು, ಅದನ್ನು ಎರಡು ಪ್ರಶ್ನೆಗಳ ಸುತ್ತ ಹೆಣೆದು ನೋಡಬಹುದು: ಹಬ್ಬಿರುವ ಬಳ್ಳಿ ಯಾವುದು, ಅದರ ಎಲೆಯನ್ನು ಕೆಡಿಸುತ್ತಿರುವುದು ಏನು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುವ ಈ ಕರಾವಳಿಯಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ತಪ್ಪಿದರೆ ಒಂದು ವರ್ಷದ ಫಸಲೇ ಕೈತಪ್ಪುತ್ತಿತ್ತು. ಉತ್ತರ ಸಿಕ್ಕಿದ್ದಾದರೂ ಬಹಳ ದೂರದ ದ್ರಾಕ್ಷಿ ತೋಟವೊಂದರಿಂದ.

ಬಳ್ಳಿಗಳ ವಿಷಯದಲ್ಲಿ ಕರಾವಳಿಯ ಕೃಷಿಕರ ವರ್ಗೀಕರಣ ಯಾವ ಗ್ರಂಥಕ್ಕೂ ಹಿಂದಿನದು, ಮತ್ತು ಅದು ಬಳ್ಳಿಗೆ ಬೇಕಾದ ಆಸರೆಯನ್ನು ಅನುಸರಿಸಿದ್ದು. ಬಸಳೆಗೆ, ತೊಂಡೆಗೆ, ಹೀರೆಗೆ ಚಪ್ಪರ ಬೇಕು. ವಿಳ್ಯದೆಲೆಗೂ ಕಾಳುಮೆಣಸಿಗೂ ಬೇರೂರಿ ಅಪ್ಪಿಕೊಳ್ಳಲು ಅಡಿಕೆ, ಹಾಲುವಾಣ, ಮಾವು, ಹಲಸಿನಂಥ ಜೀವಂತ ಮರ ಬೇಕು. ಈ ಭೇದವನ್ನೇ ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗಾಗಿ ಬರೆದ, 1875ರಲ್ಲಿ ಪುಸ್ತಕರೂಪದಲ್ಲಿ ಹೊರತಂದ ಅಧ್ಯಯನದಲ್ಲಿ ಶಾಸ್ತ್ರೀಯವಾಗಿ ವಿಂಗಡಿಸಿದನು. ಕಾಂಡವೇ ಆಸರೆಯನ್ನು ಸುತ್ತಿಕೊಂಡು ಏರುವ ಬಳ್ಳಿಗಳದು ಒಂದು ವರ್ಗ. ಬಸಳೆ ಇದಕ್ಕೆ ಸೇರುತ್ತದೆ. ಸ್ಪ್ರಿಂಗಿನಂತೆ ಸುರುಳಿಯಾಗುವ ಎಳೆಗಳಿಂದ, ಅಂದರೆ ಲತಾತಂತುಗಳಿಂದ, ಹಿಡಿದು ಏರುವ ತೊಂಡೆ, ಹೀರೆ, ಹಾಗಲಗಳದು ಇನ್ನೊಂದು. ಗೆಣ್ಣುಗಳಲ್ಲಿ ಮೂಡುವ ಅಂಟುಬೇರುಗಳಿಂದ ಏರುವ ಮೆಣಸು, ವಿಳ್ಯದೆಲೆಗಳದು ಮತ್ತೊಂದು. ಮುಳ್ಳನ್ನು ಕೊಕ್ಕೆಯಂತೆ ಸಿಕ್ಕಿಸಿಕೊಂಡು ಒರಗುತ್ತಾ ಮೇಲೇಳುವವುಗಳದು ಕೊನೆಯದು. ಬಳ್ಳಿಗುಲಾಬಿ ಈ ಕೊನೆಯ ವರ್ಗದ್ದಾದ್ದರಿಂದ ಅದು ತಾನಾಗಿ ಕಂಬವನ್ನು ಸುತ್ತುವುದಿಲ್ಲ. ಅದನ್ನು ಕಟ್ಟಿ ನಿಲ್ಲಿಸಬೇಕಾಗುತ್ತದೆ.

ಹೆಸರುಗಳಲ್ಲಿಯೂ ಚರಿತ್ರೆ ಉಳಿದುಕೊಂಡಿದೆ. ಮೆಣಸು ಎಂಬ ಪದ ಮೊದಲು ಘಟ್ಟದ ಈ ಬಳ್ಳಿಯ ಕಾಳಿನದೇ ಆಗಿತ್ತು. ಪೋರ್ಚುಗೀಸರ ಮೂಲಕ ಅಮೆರಿಕದ ಮೆಣಸಿನಕಾಯಿ ಬಂದು ಆ ಹೆಸರನ್ನು ಹಂಚಿಕೊಂಡ ಮೇಲೆ ಹಳೆಯ ಕಾಳನ್ನು ಬೇರ್ಪಡಿಸಿ ಹೇಳಬೇಕಾಗಿ ಬಂದು, ಕರಾವಳಿಯ ಕನ್ನಡದಲ್ಲಿ ಅದು ‘ಒಳ್ಳೆಮೆಣಸು’ ಎಂದೂ ತುಳುವಿನಲ್ಲಿ ಅದೇ ಅರ್ಥದ ‘ಎಡ್ಡೆಮುಂಚಿ’ ಎಂದೂ ಕರೆಸಿಕೊಂಡಿತು. ಹೂವು, ಕಾಯಿ ಇಲ್ಲದ ಕಾಲದಲ್ಲಿ ಮೆಣಸಿನ ಬಳ್ಳಿಗೂ ವಿಳ್ಯದೆಲೆಯ ಬಳ್ಳಿಗೂ ಮೇಲ್ನೋಟದ ಹೋಲಿಕೆ ಇದ್ದರೂ, ಬೆರಳಲ್ಲಿ ಎಲೆಯನ್ನು ಹೊಸಕಿದಾಗ ಬರುವ ಪರಿಮಳ ಎರಡನ್ನೂ ಬೇರ್ಪಡಿಸುತ್ತದೆ. ಕಾಡುಮೆಣಸಿನಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆಬೇರೆಯಾಗಿದ್ದರೆ, ತೋಟದ ತಳಿಗಳಲ್ಲಿ ಬಹುತೇಕ ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಒಳ್ಳೆಯ ಫಸಲು ಕೊಡುವ ಬಳ್ಳಿಯನ್ನು ಗುರುತಿಸಿ ಅದರ ತುಂಡುಗಳನ್ನೇ ನೆಡುತ್ತಾ ಬಂದ ಅನೇಕ ತಲೆಮಾರುಗಳ ಆಯ್ಕೆಯ ಫಲವಿದು.

ಈ ಜ್ಞಾನ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಅಚ್ಚಿಗೆ ಏರಿದ್ದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ, 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಅದನ್ನು ರೂಪಿಸಿದನಾದರೂ, ಸಸ್ಯಗಳನ್ನು ಗುರುತಿಸಿದವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಈ ಕಾರಣದಿಂದಲೇ ಅದರಲ್ಲಿ ಸಸ್ಯಗಳ ಕೊಂಕಣಿ ಹೆಸರುಗಳೂ ನಾಗರಿ ಲಿಪಿಯಲ್ಲಿ ಅಚ್ಚಾದವು. ಅದರ 7ನೆಯ ಸಂಪುಟದಲ್ಲಿ ಮೆಣಸಿನ ಬಳ್ಳಿಯೂ ವಿಳ್ಯದೆಲೆಯ ಬಳ್ಳಿಯೂ ಚಿತ್ರಸಹಿತ ವರ್ಣಿತವಾಗಿವೆ. ಈ ಚಿತ್ರಗಳನ್ನು ಆಧರಿಸಿಯೂ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಭಾರತದ ಅನೇಕ ಸಸ್ಯಗಳಿಗೆ ಲ್ಯಾಟಿನ್ ಹೆಸರಿಟ್ಟನು. ಅವನು ಮಲ್ಲಿಗೆಯನ್ನು ಪಾರಿಜಾತದ ಕುಲಕ್ಕೇ ಸೇರಿಸಿಬಿಟ್ಟಿದ್ದನು. 1789ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಏಟನ್ ಅದನ್ನು ಬಿಡಿಸಿ ‘ಜಾಸ್ಮಿನಮ್ ಸಂಬಕ್’ ಎಂಬ ಇಂದಿನ ಹೆಸರಿಗೆ ತಂದನು.

ಎಲ್ಲೂರಿನ ನೆರೆಯ ಶಂಕರಪುರದಲ್ಲಿ ಬೆಳೆದು ‘ಶಂಕರಪುರ ಮಲ್ಲಿಗೆ’, ‘ಉಡುಪಿ ಮಲ್ಲಿಗೆ’ ಎಂದು ಹೆಸರಾದದ್ದು ಈ ಸಂಬಕ್ ಪ್ರಭೇದವೇ. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದು ಗಿಡಕ್ಕೂ ಬಳ್ಳಿಗೂ ನಡುವಿನದು: ಬಿಟ್ಟರೆ ಒರಗಿ ಹಬ್ಬುತ್ತದೆ, ಸವರಿದರೆ ಪೊದೆಯಾಗಿ ನಿಲ್ಲುತ್ತದೆ. ಎದುರುಬದುರಾಗಿ ಮೂಡುವ, ಬಿಡಿಯಾದ ಅಗಲ ಎಲೆ ಇದರ ಗುರುತಾದರೆ, ಒಂದೇ ತೊಟ್ಟಿನಲ್ಲಿ ಹಲವು ಕಿರುಎಲೆಗಳ ಸಾಲಿರುವುದು ಜಾಜಿಯದು. ಎಲೆಯ ಬುಡದಲ್ಲಿ ಕಿವಿಯಂಥ ಎರಡು ಪುಟ್ಟ ಎಲೆಗಳಿರುವುದು ಹಡಗಲಿ ಮಲ್ಲಿಗೆಯದು. ಉಡುಪಿ, ಮೈಸೂರು, ಹಡಗಲಿ ಮಲ್ಲಿಗೆಗಳಿಗೆ ಪ್ರತ್ಯೇಕವಾಗಿ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಒಂದು ಪ್ರದೇಶದ ಹೆಸರನ್ನು ಆ ಪ್ರದೇಶದ ಬೆಳೆಗೇ ಕಾಯ್ದಿರಿಸುವ ಕಾನೂನಿನ ರಕ್ಷಣೆ, ದೊರೆತಿದೆ. ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಎಣಿಸಿ ಮಾರುವ, ದಿನದಿನವೂ ಅಟ್ಟೆಯ ದರ ಗೊತ್ತುಪಡಿಸುವ ವ್ಯಾಪಾರ ಪದ್ಧತಿ ಈ ಹೂವಿನ ಸುತ್ತ ಬೆಳೆದಿದೆ.

ರೋಗಗಳನ್ನು ಗುರುತಿಸುವಲ್ಲಿ ಇಷ್ಟು ಸ್ಪಷ್ಟತೆ ತಡವಾಗಿ ಬಂತು. ಕನ್ನಡ ನಾಡಿನಲ್ಲಿ ಮಳೆಗಾಲದಲ್ಲಿ ಎಲೆ, ಕಾಯಿ ಕೊಳೆಯುವುದಕ್ಕೆಲ್ಲ ‘ಕೊಳೆರೋಗ’ ಎಂಬ ಒಂದೇ ಹೆಸರು ಸಾಕಾಗಿತ್ತು. ಮೈಸೂರು ಸೀಮೆಯ ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರವನ್ನು 1876ರಲ್ಲಿ ವರ್ಣಿಸಿದ ಇಂಗ್ಲೆಂಡಿನ ಎಂ.ಸಿ. ಕುಕ್ ಅದಕ್ಕೆ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಹೆಸರಿಟ್ಟಿದ್ದರಿಂದ ಕನ್ನಡದ ಪದವೊಂದು ಲ್ಯಾಟಿನ್ ನಾಮಾವಳಿಯನ್ನು ಸೇರಿತು. ಅಡಿಕೆಯ ಕೊಳೆರೋಗ, ದಕ್ಷಿಣ ಕನ್ನಡದಲ್ಲಿ ‘ಮಹಾಳಿ’ ಎನಿಸಿಕೊಳ್ಳುವುದು, ಹೆಸರಿನಲ್ಲಿ ಇದರ ಜೋಡಿಯಾದರೂ ಬೇರೆಯದೇ ಜೀವಿಯ ಕೆಲಸ. ಅದಕ್ಕೆ ಕಾರಣವಾದ ಫೈಟಾಫ್ತೊರಾ ನೀರಿನಲ್ಲಿ ಈಜಬಲ್ಲ ಬೀಜಾಣುಗಳನ್ನು ಬಿಡುವ, ಇಂದು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ ಕಂದುಪಾಚಿಗಳ ಬಳಗಕ್ಕೆ ಹತ್ತಿರವಿಟ್ಟಿರುವ ಗುಂಪಿನದು. ದ್ರಾಕ್ಷಿಯ ಹಾಗೂ ಗುಲಾಬಿಯ ‘ಕೇದಿಗೆ ರೋಗ’ದ, ಅಂದರೆ ಎಲೆಯ ಅಡಿಯಲ್ಲಿ ನವಿರಾದ ಬೂಷ್ಟು ಮೂಡಿಸುವ ರೋಗದ, ಜೀವಿಗಳೂ ಇದೇ ಗುಂಪಿನವು.

ಗುಲಾಬಿಯ ಎಳೆಚಿಗುರಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುವ ‘ಬೂದಿರೋಗ’ದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಬೀಜಾಣು ಮೊಳೆಯಲು ಎಲೆ ಒದ್ದೆಯಾಗಿರಬೇಕಾಗಿಲ್ಲ; ಸುರಿಯುವ ಮಳೆ ಅದನ್ನು ತೊಳೆದು ಅಡಗಿಸುತ್ತದೆ. ಹಗಲು ಒಣಗಿ ಇರುಳು ತಂಪಾಗುವ ಕಾಲ ಅದರದ್ದಾದ್ದರಿಂದ ಬೆಂಗಳೂರಿನಂಥ ಎತ್ತರದ ಊರುಗಳ ಗುಲಾಬಿ ತೋಟಗಳಿಗೆ ಅದು ಚಿರಪರಿಚಿತ. ಕರಾವಳಿಯಲ್ಲಿ ಅದಕ್ಕೆ ಎಡೆ ಸಿಗುವುದು ಮಳೆ ಹಿಂದೆಗೆದ ಮೇಲಿನ ಕೆಲವೇ ತಿಂಗಳು. ಅದರ ಮದ್ದೂ ಹಳೆಯದು. 1821ರಲ್ಲಿ ಜಾನ್ ರಾಬರ್ಟ್‌ಸನ್ ಪೀಚ್ ಮರದ ಬೂದಿರೋಗಕ್ಕೆ ಗಂಧಕವೇ ಪರಿಹಾರವೆಂದು ಹೇಳಿದ್ದನು. 1845ರಲ್ಲಿ ಮಾರ್ಗೇಟಿನ ತೋಟಗಾರ ಎಡ್ವರ್ಡ್ ಟಕರ್ ದ್ರಾಕ್ಷಿಯ ಬೂದಿಗೆ ಗಂಧಕ, ಸುಣ್ಣಗಳನ್ನು ಬಳಸಿದನು. ಇಂದಿಗೂ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂನಂತೆ ಸಿಂಪಡಿಸುವುದೇ ಇದಕ್ಕೆ ಸರಳ ಉಪಾಯ. ಆದರೆ ಬಿಸಿಲು ಹೆಚ್ಚಾದಾಗ ಗಂಧಕ ಎಲೆಯನ್ನೇ ಸುಡುವುದರಿಂದ ಕರಾವಳಿಯ ಸೆಕೆಯಲ್ಲಿ ಅದನ್ನು ಹಗಲೇರುವ ಮುಂಚೆಯೇ ಬಳಸಬೇಕಾಗುತ್ತದೆ.

ನೀರಿನ ರೋಗಕ್ಕೆ ಗಂಧಕ ನಾಟುವುದಿಲ್ಲ. ಅದಕ್ಕೆ ಮದ್ದು ಹುಟ್ಟಿದ್ದು ಫ್ರಾನ್ಸಿನಲ್ಲಿ. 1878ರ ಹೊತ್ತಿಗೆ ಅಮೆರಿಕದಿಂದ ಬಂದ ಕೇದಿಗೆ ರೋಗ ಅಲ್ಲಿನ ದ್ರಾಕ್ಷಿ ಬಳ್ಳಿಗಳನ್ನು ಬೋಳಾಗಿಸುತ್ತಿದ್ದಾಗ, ಮೆಡಾಕ್ ಪ್ರದೇಶದಲ್ಲಿ ದಾರಿಬದಿಯ ಸಾಲುಗಳು ಮಾತ್ರ ಎಲೆ ಉಳಿಸಿಕೊಂಡಿದ್ದುದನ್ನು ಬೋರ್ಡೊ ವಿಶ್ವವಿದ್ಯಾಲಯದ ಮಿಲಾರ್ಡೆ 1882ರಲ್ಲಿ ಗಮನಿಸಿದನು. ದಾರಿಹೋಕರು ಹಣ್ಣು ಕದಿಯದಿರಲೆಂದು ಬೆಳೆಗಾರರು ಮೈಲುತುತ್ತು ಮತ್ತು ಸುಣ್ಣದ ನೀಲಿ ನೀರನ್ನು ಆ ಸಾಲುಗಳಿಗೆ ಚಿಮುಕಿಸಿದ್ದರು. 1885ರಲ್ಲಿ ಪ್ರಕಟವಾದ ಈ ಶೋಧ ‘ಬೋರ್ಡೊ ದ್ರಾವಣ’ವೆಂದು ಪ್ರಸಿದ್ಧವಾಯಿತು.

ಬಳ್ಳಿಯೊಂದಕ್ಕಾಗಿ ಹುಟ್ಟಿದ ಈ ಮದ್ದು ಕನ್ನಡ ನಾಡಿನಲ್ಲಿ ನೆಲೆಯೂರಿದ್ದು ಮರವೊಂದರ ಮೂಲಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿ, ಮಳೆಗಾಲಕ್ಕೆ ಮುಂಚೆಯೇ ಬೋರ್ಡೊ ದ್ರಾವಣ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದನು. ಅಲ್ಲಿಯವರೆಗೆ ಮಲೆನಾಡಿನ ಬೆಳೆಗಾರರು ಅಡಿಕೆಗೊನೆಗೆ ‘ಕೊಟ್ಟೆ’ ಎಂಬ ಹೊದಿಕೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಕಾಯಿ ಒದ್ದೆಯಾದರೆ ರೋಗ ಬರುತ್ತದೆಂಬ ಅವರ ತಿಳಿವಳಿಕೆ ಸರಿಯಾದದ್ದೇ ಎಂದು ಸೂಕ್ಷ್ಮದರ್ಶಕ ಸಮರ್ಥಿಸಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿಯೂ ಈ ಪದ್ಧತಿ ಮುಂದಿನ ದಶಕಗಳಲ್ಲಿ ಹಬ್ಬಿತು. 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾದ ಮೇಲೆ ಇದಕ್ಕೆ ಸ್ಥಳೀಯ ಪ್ರಯೋಗಗಳ ಬಲ ದೊರೆಯಿತು.

ಈ ದ್ರಾವಣದ ತಯಾರಿಕೆ ಇಂದಿಗೂ ತೋಟದಂಗಳದ ಕೆಲಸವೇ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿದರೆ ಶೇ. 1ರ ದ್ರಾವಣ ತಿಳಿನೀಲಿಯಾಗಿ ಸಿದ್ಧವಾಗುತ್ತದೆ. ಬಳಿಕ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಲಾಗುತ್ತದೆ: ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದೂ, ದ್ರಾವಣ ಎಲೆ, ಕಾಯಿಗಳನ್ನು ಸುಡುವುದೆಂದೂ ಅರ್ಥ. ಕಾಲಿಗೆ ತಳೆ ಹಾಕಿ ಮರವೇರುವವರು ಮುಂಗಾರಿಗೆ ಮೊದಲು ಒಮ್ಮೆ, 40ರಿಂದ 45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಗೊನೆಗಳಿಗೆ ‘ಮದ್ದು ಬಿಡುತ್ತಾರೆ’. ಅಡಿಕೆಯ ಮೈಗೆ ಅಂಟಿದ ಮೆಣಸಿನ ಬಳ್ಳಿಗೂ ಫೈಟಾಫ್ತೊರಾದ್ದೇ ಇನ್ನೊಂದು ಪ್ರಭೇದ ಸೊರಗು ರೋಗ ತರುವುದರಿಂದ, ಅದಕ್ಕೂ ಇದೇ ನೀಲಿ ನೀರು ಸಲ್ಲುತ್ತದೆ. ದ್ರಾಕ್ಷಿ ಬಳ್ಳಿಯಿಂದ ಹೊರಟ ಮದ್ದು ಮರವನ್ನು ಹಾದು ಮತ್ತೆ ಬಳ್ಳಿಗೇ ಬಂದು ಸೇರಿದ್ದು ಹೀಗೆ.

ಎಲ್ಲೂರಿನಲ್ಲಿ ಗುರುತಿಸುವಿಕೆಯ ಪ್ರಶ್ನೆ ಈ ಶತಮಾನದಲ್ಲಿ ಹೊಸ ರೂಪ ತಾಳಿತು. ಅಲ್ಲಿ 1200 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಉಷ್ಣ ವಿದ್ಯುತ್ ಸ್ಥಾವರ ಕಾರ್ಯಾರಂಭ ಮಾಡಿದ ಮೇಲೆ, ಹಾರುಬೂದಿ ಮಲ್ಲಿಗೆಯ ಮೇಲೆ ಬೀಳುತ್ತದೆಂಬ ದೂರು ಸುತ್ತಲಿನ ಬೆಳೆಗಾರರಿಂದ ಕೇಳಿಬಂತು. ಬೂದಿರೋಗ ದುಂಡು ಮಚ್ಚೆಗಳಾಗಿ ಬೆಳೆಯುತ್ತಾ ಎಲೆಯ ಎರಡೂ ಬದಿಗೆ ಹರಡಿ ಚಿಗುರನ್ನು ಮುರುಟಿಸುತ್ತದೆ. ಗಾಳಿ ತಂದ ಬೂದಿಯಾದರೋ ಎಲೆಯ ಮೇಲ್ಮೈಯಲ್ಲಿ ಮಾತ್ರ ಸಮನಾಗಿ ಕೂತು, ಒಂದು ಚೊಂಬು ನೀರಿಗೆ ತೊಳೆದುಹೋಗುತ್ತದೆ. ಮೊದಲನೆಯದಕ್ಕೆ ಗಂಧಕವುಂಟು, ಎರಡನೆಯದಕ್ಕೆ ಗಂಧಕವಾಗಲಿ ಮೈಲುತುತ್ತಾಗಲಿ ಮದ್ದಲ್ಲ, ಅದರ ಪರಿಹಾರವನ್ನು ತೋಟದ ಹೊರಗೇ ಹುಡುಕಬೇಕಾಗುತ್ತದೆ.