ತಂದೆಯ ಕಾರು, ಮಗನ ಹೊಣೆ

ವೈಟ್‌ಫೀಲ್ಡ್‌ನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ, ದಿವಂಗತ ತಂದೆಯವರ 1995ರ ಬೆಂಜ್ ಕಾರನ್ನು ಉಳಿಸಿಕೊಳ್ಳಲೇ, ಮಾರಲೇ ಎಂದು ಕೇಳಿದ್ದಾನೆ. ಇತಿಹಾಸ ಬೋಧಿಸಿದವನಿಗೆ ಉತ್ತರವೂ ಇತಿಹಾಸದಲ್ಲಿಯೇ ಹೊಳೆಯುತ್ತದೆ.

1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನ ರದ್ದಾದಾಗ ಅನೇಕ ಅರಸು ಮನೆತನಗಳಿಗೆ ಇದೇ ಪ್ರಶ್ನೆ ಎದುರಾಯಿತು. ಹಿರಿಯರ ವೈಭವದ ವಾಹನಗಳು ಕಿರಿಯರಿಗೆ ಖರ್ಚಿನ ಬಾಬತ್ತಾದವು. ಮಾರಾಟವಾದವು ಎಷ್ಟೋ, ಷೆಡ್ಡಿನಲ್ಲಿ ತುಕ್ಕು ಹಿಡಿದವು ಎಷ್ಟೋ. ಆಸ್ಥೆಯುಳ್ಳವರ ಕೈಸೇರಿದವು ಉಳಿದುಕೊಂಡವು. ಶ್ರೀರಂಗಪಟ್ಟಣದ ಸಮೀಪ ಧರ್ಮಸ್ಥಳದವರು 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯವನ್ನು ಕಂಡವರಿಗೆ ಆಸ್ಥೆಯ ಬೆಲೆ ತಿಳಿಯುತ್ತದೆ.

1991ರ ಆರ್ಥಿಕ ಉದಾರೀಕರಣದ ತರುವಾಯ, 1995ರಲ್ಲಿ, ಬೆಂಜ್ ಕಾರುಗಳು ಪುಣೆಯಲ್ಲಿಯೇ ತಯಾರಾಗತೊಡಗಿದವು. ಆ ದೃಷ್ಟಿಯಿಂದ ನಮ್ಮ ಶಿಷ್ಯನ ಕಾರೂ ಒಂದು ಚಾರಿತ್ರಿಕ ದಾಖಲೆ. ಆದರೆ 2021ರ ಕೇಂದ್ರ ನಿಯಮದಂತೆ ‘ವಿಂಟೇಜ್’ ಎನಿಸಿಕೊಳ್ಳಲು 50 ವರ್ಷ ತುಂಬಬೇಕು. ಅಂದರೆ 2045ರವರೆಗೆ ಕಾಯಬೇಕು. ಅಲ್ಲಿಯತನಕ ಅದು ಬರಿಯ ಹಳೆಯ ಕಾರು. 15 ವರ್ಷ ದಾಟಿರುವುದರಿಂದ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನೋಂದಣಿ ನವೀಕರಣ ತಪ್ಪದು. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರು ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು.

ಶಿಷ್ಯನಿಗೆ ನನ್ನ ಉತ್ತರವಿಷ್ಟೆ: ವಾರಕ್ಕೊಮ್ಮೆಯಾದರೂ ಓಡಿಸುವ ಮನಸ್ಸು, ಸಿಗದ ಬಿಡಿಭಾಗವನ್ನು ಪೀಣ್ಯದ ವರ್ಕ್‌ಷಾಪುಗಳಲ್ಲಿ ಅಲೆದು ಮಾಡಿಸುವ ತಾಳ್ಮೆ ನಿನಗಿದ್ದರೆ ಇಟ್ಟುಕೊ. ಇಲ್ಲವಾದರೆ, ಓಡಿಸಿ ಕಾಪಾಡುವವರಿಗೆ ಈಗಲೇ ಕೊಟ್ಟುಬಿಡು. ಹೊದಿಕೆಯ ಕೆಳಗೆ ಕೊಳೆಯಲು ಬಿಟ್ಟರೆ ತಂದೆಯವರ ನೆನಪಿಗೆ ಅದು ಗೌರವವಲ್ಲ.