ಬೆಳಕು, ಶಾಖ ಮತ್ತು ಸ್ಥಿರತೆ: ಫೈಬರ್ ಲೇಸರ್ ನಡೆದುಬಂದ ದಾರಿ

ಉಕ್ಕಿನ ಹಾಳೆ ಕತ್ತರಿಸುವ ಲೇಸರಿಗೆ ಶಕ್ತಿಯೊಂದಿದ್ದರೆ ಸಾಲದು. ಕಿರಣ ಚಿಕ್ಕದೊಂದು ಬಿಂದುವಿನಲ್ಲಿ ಕೂಡಬೇಕು, ಕೂಡಿದ ಮೇಲೆ ಕದಲದೆ ನಿಲ್ಲಬೇಕು. ತೆಳ್ಳನೆಯ ಗಾಜಿನ ಎಳೆಯಲ್ಲಿ ಕಿಲೋವ್ಯಾಟುಗಟ್ಟಲೆ ಬೆಳಕು ಹರಿಸುವ ಫೈಬರ್ ಲೇಸರುಗಳ ಇತಿಹಾಸದಲ್ಲಿ ಒಂದು ತೊಡಕಿಗೆ ಕಂಡುಕೊಂಡ ಪರಿಹಾರವೇ ಮುಂದಿನ ತೊಡಕಿಗೆ ಬಾಗಿಲು ತೆರೆದಿದೆ.

ಆರಂಭ 1960ರ ದಶಕದ್ದು. ಅಮೆರಿಕನ್ ಆಪ್ಟಿಕಲ್ ಕಂಪನಿಯ ಎಲಿಯಾಸ್ ಸ್ನಿಟ್ಜರ್ ಮತ್ತು ಚಾರ್ಲ್ಸ್ ಕೊಯೆಸ್ಟರ್, ನಿಯೋಡಿಮಿಯಂ ಬೆರೆಸಿದ ಗಾಜಿನ ಎಳೆಯಲ್ಲಿ ಬೆಳಕು ವರ್ಧಿಸುವುದನ್ನು 1964ರಲ್ಲಿ ತೋರಿಸಿದರು. ಆದರೆ ಶಕ್ತಿ ತುಂಬುವ ಪಂಪ್ ಬೆಳಕನ್ನು ಎಳೆಯ ನಡುವಿನ ಸಣ್ಣ ತಿರುಳಿಗೆ ನುಗ್ಗಿಸುವುದು ಕಷ್ಟವಾಗಿತ್ತು. 1988ರಲ್ಲಿ ಸ್ನಿಟ್ಜರ್ ತಂಡವೇ ಮಂಡಿಸಿದ ಜೋಡಿ ಹೊದಿಕೆಯ ಫೈಬರ್ ಇದಕ್ಕೆ ಉತ್ತರವಾಯಿತು: ಪಂಪ್ ಬೆಳಕು ತಿರುಳಿನ ಸುತ್ತಲಿನ ಅಗಲವಾದ ಒಳಹೊದಿಕೆಯಲ್ಲಿ ಸಾಗುತ್ತ, ತಿರುಳನ್ನು ಹಾದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಹೀರಿಕೊಳ್ಳಲ್ಪಡುತ್ತದೆ. ಇದರ ಜೊತೆಗೆ ನಿಯೋಡಿಮಿಯಂ ಬದಲು ಗಾಜಿಗೆ ಬೆರೆಸುವ ಯಿಟರ್ಬಿಯಂ ಮತ್ತು ಪಂಪ್ ಬೆಳಕು ಕೊಡುವ ಬಲಿಷ್ಠ ಡಯೋಡುಗಳು ಸೇರಿದವು. 2004ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಒಂದೇ ಫೈಬರಿನಿಂದ 1.36 ಕಿಲೋವ್ಯಾಟ್ ಪಡೆದರು. 2009ರಲ್ಲಿ ಐಪಿಜಿ ಫೋಟಾನಿಕ್ಸ್ ಕಂಪನಿ 10 ಕಿಲೋವ್ಯಾಟ್ ಮುಟ್ಟಿತು.

ಇಷ್ಟು ಬೆಳಕು ಕಿರಿದಾದ ತಿರುಳಿನಲ್ಲಿ ದಟ್ಟೈಸಿದಾಗ ಗಾಜು ಸುಮ್ಮನಿರುವುದಿಲ್ಲ. ಸಿ.ವಿ. ರಾಮನ್ 1928ರಲ್ಲಿ ಕಂಡ ಚದುರುವಿಕೆ ಇಲ್ಲಿ ಪ್ರಚೋದಿತ ರೂಪದಲ್ಲಿ ತಲೆಯೆತ್ತಿ ಬೆಳಕನ್ನು ಬೇರೆ ತರಂಗದೂರಕ್ಕೆ ಸೆಳೆಯುತ್ತದೆ. ಇಂಥದೇ ಇನ್ನೊಂದು ಪರಿಣಾಮವಾದ ಬ್ರಿಲ್ವಾ ಚದುರುವಿಕೆ ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ತಿರುಳನ್ನು ಅಗಲಿಸಿ ಎಳೆಯನ್ನು ಗಿಡ್ಡವಾಗಿಸಿದರೆ ಎರಡೂ ತಗ್ಗುತ್ತವೆ. ಆದರೆ ಅಗಲವಾದ ತಿರುಳಿನಲ್ಲಿ ಬೆಳಕು ಹಲವು ಮೋಡ್‌ಗಳಲ್ಲಿ, ಅಂದರೆ ಹಲವು ಹರಿವಿನ ಆಕಾರಗಳಲ್ಲಿ, ಹರಿಯಬಲ್ಲದು; ಆಗ ಕಿರಣ ಚಿಕ್ಕ ಬಿಂದುವಿನಲ್ಲಿ ಕೂಡುವುದಿಲ್ಲ. 2000ದಲ್ಲಿ ಸಂಶೋಧಕರಾದ ಕೊಪ್ಲೋ, ಕ್ಲೈನರ್ ಮತ್ತು ಗೋಲ್ಡ್‌ಬರ್ಗ್ ಫೈಬರನ್ನು ಸುರುಳಿ ಸುತ್ತಿ ಬೇಡದ ಮೋಡ್‌ಗಳನ್ನು ಹೊರಗೆ ಸೋರಿಸುವ ಸರಳ ಉಪಾಯ ಕಂಡುಕೊಂಡರು. ಉದ್ದಕ್ಕೂ ಸೂಕ್ಷ್ಮ ರಂಧ್ರಗಳಿರುವ ಫೋಟಾನಿಕ್ ಕ್ರಿಸ್ಟಲ್ ಫೈಬರುಗಳು ತಿರುಳನ್ನು ಇನ್ನಷ್ಟು ಹಿಗ್ಗಿಸಿದವು.

ಆಗ ಎದುರಾದದ್ದೇ ಮೋಡ್ ಅಸ್ಥಿರತೆ. 2010ರ ಹೊತ್ತಿಗೆ ಜರ್ಮನಿಯ ಯೇನಾದ ಸಂಶೋಧಕರು ವಿಚಿತ್ರ ವರ್ತನೆಯೊಂದನ್ನು ಗಮನಿಸಿದರು: ಶಕ್ತಿ ಒಂದು ಮಿತಿ ದಾಟಿದೊಡನೆ, ಅಲ್ಲಿಯವರೆಗೆ ಶುದ್ಧವಾಗಿದ್ದ ಕಿರಣ ಸೆಕೆಂಡಿಗೆ ಸಾವಿರಾರು ಬಾರಿ ಆಕಾರ ಬದಲಿಸತೊಡಗುತ್ತಿತ್ತು. ಕಾರಣ ಶಾಖ. 976 ನ್ಯಾನೋಮೀಟರ್ ಪಂಪ್ ಬೆಳಕು 1064ರ ಲೇಸರಾಗುವಾಗ ಸುಮಾರು ಶೇ. 8ರಷ್ಟು ಶಕ್ತಿ ಶಾಖವಾಗುತ್ತದೆ. ಎರಡು ಮೋಡ್‌ಗಳು ವ್ಯತಿಕರಣಗೊಂಡು ತಿರುಳಿನುದ್ದಕ್ಕೂ ಬೆಳಕಿನ ವಿನ್ಯಾಸವೊಂದನ್ನು ಮೂಡಿಸಿದರೆ, ಶಾಖವೂ ಅದೇ ವಿನ್ಯಾಸ ತಳೆದು ಗಾಜಿನ ವಕ್ರೀಭವನಾಂಕವನ್ನು ಬದಲಿಸುತ್ತದೆ. ಶಾಖ ಹರಡಲು ಸಮಯ ಬೇಕು. ಹೀಗಾಗಿ ಚಲಿಸುವ ಬೆಳಕಿನ ವಿನ್ಯಾಸಕ್ಕಿಂತ ಶಾಖದ ವಿನ್ಯಾಸ ಕೊಂಚ ಹಿಂದುಳಿಯುತ್ತದೆ. ಈ ಅಂತರವಿದ್ದಾಗಲೇ ಒಂದು ಮೋಡಿನ ಶಕ್ತಿ ಇನ್ನೊಂದಕ್ಕೆ ಹೋಗುವುದೆಂದು 2011ರಲ್ಲಿ ಆರ್ಲಿ ಸ್ಮಿತ್ ಮತ್ತು ಜೆಸ್ಸಿ ಸ್ಮಿತ್ ವಿವರಿಸಿದರು.

ರೋಗದ ಮೂಲ ತಿಳಿದ ಮೇಲೆ ಚಿಕಿತ್ಸೆಗಳು ಬಂದವು. 1018 ನ್ಯಾನೋಮೀಟರಿನಲ್ಲಿ ಪಂಪ್ ಮಾಡಿದರೆ ಶಾಖ ಅರ್ಧಕ್ಕಿಳಿಯುತ್ತದೆ. ಆದರೆ ಯಿಟರ್ಬಿಯಂ ಆ ಬೆಳಕನ್ನು ನಿಧಾನವಾಗಿ ಹೀರುವುದರಿಂದ ಫೈಬರ್ ಉದ್ದವಾಗಬೇಕು, ಉದ್ದವಾದರೆ ರಾಮನ್ ಚದುರುವಿಕೆ ಮರಳುತ್ತದೆ. ಬಳಕೆಯಲ್ಲಿ ಗಾಜು ಕಪ್ಪಾಗುವುದೂ ಶಾಖ ಹೆಚ್ಚಿಸುತ್ತದೆಂದು ತಿಳಿದು, ರಂಜಕ, ಸೀರಿಯಂ ಬೆರೆಸಿದ ಗಾಜಿಗೆ ಮಹತ್ವ ಬಂತು. ಯೇನಾದವರು 2013ರಲ್ಲಿ ಫೈಬರಿಗೆ ಪ್ರವೇಶಿಸುವ ಕಿರಣವನ್ನೇ ವೇಗವಾಗಿ ಅತ್ತಿತ್ತ ಸರಿಸಿ, 2018ರಲ್ಲಿ ಪಂಪಿನ ಶಕ್ತಿಯನ್ನು ಏರಿಳಿಸಿ ಕಿರಣವನ್ನು ಸ್ಥಿರಗೊಳಿಸಿದರು. 2023ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಹಳೆಯ ನಂಬಿಕೆಯನ್ನೇ ತಿರುಗಿಸಿ, ಹಲವು ಮೋಡ್‌ಗಳಿಗೆ ಬೆಳಕನ್ನು ಬೇಕೆಂದೇ ಹಂಚಿದರೆ ಅಸ್ಥಿರತೆ ತಗ್ಗುವುದೆಂದು ಲೆಕ್ಕಾಚಾರದಿಂದ ತೋರಿಸಿದರು.

ಇನ್ನೊಂದು ದಾರಿ ಭಾರ ಹಂಚುವುದು. 2020ರಲ್ಲಿ ಯೇನಾದಲ್ಲಿ 12 ವರ್ಧಕಗಳ ಕಿರಣಗಳನ್ನು ಹೆಜ್ಜೆ ತಪ್ಪದಂತೆ ಕೂಡಿಸಿ 10.4 ಕಿಲೋವ್ಯಾಟ್ ಸರಾಸರಿ ಶಕ್ತಿ ಪಡೆಯಲಾಯಿತು. ತೊಡಕನ್ನೇ ಬಳಸಿಕೊಳ್ಳುವ ದಾರಿಯೂ ಇದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ.ಆರ್. ಸುಪ್ರದೀಪ ಅವರ ತಂಡ, ಇತರರು ಹತ್ತಿಕ್ಕಲು ಹೆಣಗುವ ರಾಮನ್ ಚದುರುವಿಕೆಯನ್ನೇ ಹೊಸ ತರಂಗದೂರಗಳ ಲೇಸರುಗಳಿಗೆ ದುಡಿಸಿಕೊಳ್ಳುತ್ತಿದೆ.

ಶಾಖವನ್ನು ಪೂರ್ತಿ ಇಲ್ಲವಾಗಿಸಲು ಭೌತಶಾಸ್ತ್ರ ಬಿಡುವುದಿಲ್ಲ. ಆದ್ದರಿಂದ ಗಾಜಿನ ರಸಾಯನ, ಫೈಬರಿನ ಆಕಾರ, ಪಂಪಿನ ಬಣ್ಣ ಮತ್ತು ನಿಯಂತ್ರಣದ ಎಲೆಕ್ಟ್ರಾನಿಕ್ಸನ್ನು ಒಂದೇ ವಿನ್ಯಾಸವಾಗಿ ಕಾಣುವವರಿಂದಲೇ ಮುಂದಿನ ಹೆಜ್ಜೆ ಬರಬೇಕಾಗಿದೆ.