ಎರಡನೆಯ ಸಹಿ

ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ನಾನು ಹಾಕಿದ ಸಹಿಗಳಿಗೆ ಲೆಕ್ಕವಿಲ್ಲ. ಸಹೋದ್ಯೋಗಿಗಳು ಸಿದ್ಧಪಡಿಸಿದ ಅಂಕಪಟ್ಟಿಗಳಿಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಮಾಡುವುದೂ ನನ್ನ ಕೆಲಸವಾಗಿತ್ತು. ಅವುಗಳಲ್ಲಿ ಎಷ್ಟನ್ನು ನಿಜವಾಗಿ ಪರಿಶೀಲಿಸಿದ್ದೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾದೀತು. ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಶಿಪ್‌ಮನ್‌ನ ವೃತ್ತಾಂತವನ್ನು ಓದಿದಾಗ ಆ ಹಳೆಯ ಅಳುಕು ಮತ್ತೆ ಕಾಡಿತು.

ಮ್ಯಾಂಚೆಸ್ಟರ್ ನಗರದ ಸಮೀಪದಲ್ಲಿರುವ ಹೈಡ್ ಒಂದು ಸಣ್ಣ ಪಟ್ಟಣ. ಶಿಪ್‌ಮನ್ ಅಲ್ಲಿಗೆ ಬಂದದ್ದು 1977ರಲ್ಲಿ. ಹಿಂದಿನ ವರ್ಷವಷ್ಟೇ, ಸುಳ್ಳು ಔಷಧಚೀಟಿ ಬರೆದು ಪೆಥಿಡೀನ್ ಎಂಬ ಮಾದಕ ಔಷಧವನ್ನು ಪಡೆದು ತಾನೇ ಸೇವಿಸುತ್ತಿದ್ದ ಅಪರಾಧಕ್ಕಾಗಿ ನ್ಯಾಯಾಲಯ ಅವನಿಗೆ ದಂಡ ವಿಧಿಸಿತ್ತು. ವೃತ್ತಿಯ ಪರವಾನಗಿ ಮಾತ್ರ ಉಳಿದಿತ್ತು. ಹೈಡ್‌ನಲ್ಲಿ ಅವನು ಬೇಗನೆ ಜನಾನುರಾಗಿಯಾದ. ಒಂಟಿಯಾಗಿದ್ದ ವೃದ್ಧರನ್ನು ಮನೆಗೇ ಹೋಗಿ ನೋಡಿಬರುವ ವೈದ್ಯನೆಂದು ಹೆಸರು ಪಡೆದ. ಅಂತಹ ಭೇಟಿಗಳಲ್ಲಿಯೇ ಕೊಲೆಗಳೂ ನಡೆದವು. ಡಯಾಮಾರ್ಫಿನ್ ಎಂಬ ತೀವ್ರ ನೋವುನಿವಾರಕವನ್ನು ಅತಿಯಾಗಿ ಚುಚ್ಚಿ ಕೊಲ್ಲುವುದು, ಬಳಿಕ ಸಹಜ ಮರಣವೆಂದು ತಾನೇ ಪ್ರಮಾಣಪತ್ರ ಬರೆಯುವುದು ಅವನ ಕ್ರಮವಾಗಿತ್ತು.

ಇದನ್ನು ತಡೆಯಲು ಕಾನೂನು ಇರಲಿಲ್ಲವೆ? ಇತ್ತು. ಶವವನ್ನು ದಹನ ಮಾಡಬೇಕಾದರೆ ಬೇರೊಬ್ಬ ವೈದ್ಯರೂ ವಿಚಾರಿಸಿ ನೋಡಿ ಸಹಿ ಹಾಕಬೇಕೆಂಬ ನಿಯಮವಿತ್ತು. ಕಾಲಕ್ರಮದಲ್ಲಿ ಆ ಎರಡನೆಯ ಸಹಿ ಶುಲ್ಕ ಪಡೆದು ಪೂರೈಸುವ ಶಾಸ್ತ್ರವಾಗಿಬಿಟ್ಟಿತ್ತು. ಗೌರವಾನ್ವಿತ ಸಹೋದ್ಯೋಗಿಯನ್ನು ಶಂಕಿಸುವುದಾದರೂ ಹೇಗೆ?

ಶಂಕಿಸಿದವರು ಡಾ. ಲಿಂಡಾ ರೆನಾಲ್ಡ್ಸ್. ಅವರ ಚಿಕಿತ್ಸಾಲಯದ ವೈದ್ಯರೇ ಶಿಪ್‌ಮನ್‌ನ ಪತ್ರಗಳಿಗೆ ಸಹಿ ಹಾಕುತ್ತಿದ್ದರು. ತಮ್ಮಲ್ಲಿಯ ರೋಗಿಗಳ ಸಂಖ್ಯೆ ಅವನಲ್ಲಿಯದಕ್ಕಿಂತ ಹಲವು ಪಟ್ಟು ಹೆಚ್ಚಾಗಿದ್ದರೂ ಸಾಯುವವರು ಅವನ ರೋಗಿಗಳಲ್ಲಿಯೇ ಹೆಚ್ಚು ಎಂಬುದು ಅವರ ಗಮನಕ್ಕೆ ಬಂದಿತು. 1998ರ ಮಾರ್ಚ್‌ನಲ್ಲಿ ಅವರು ಸಂಶಯಾಸ್ಪದ ಸಾವುಗಳನ್ನು ವಿಚಾರಿಸುವ ಅಧಿಕಾರಿಗೆ ವಿಷಯ ತಿಳಿಸಿದರು. ಪೊಲೀಸರು ಶಿಪ್‌ಮನ್‌ನ ಹಳೆಯ ಅಪರಾಧವನ್ನೂ ವಿಚಾರಿಸದೆ, ಸಾಕ್ಷ್ಯ ಸಾಲದೆಂದು ಏಪ್ರಿಲ್‌ನಲ್ಲಿ ತನಿಖೆಯನ್ನು ಮುಗಿಸಿದರು. ಆ ಬಳಿಕ ಅವನು ಇನ್ನೂ ಮೂವರನ್ನು ಕೊಂದ.

ಕೊನೆಯವರು, ಹೈಡ್‌ನ ಮಾಜಿ ಮೇಯರ್, 81 ವರ್ಷದ ಕ್ಯಾಥ್ಲೀನ್ ಗ್ರಂಡಿ. ಅವರ ಆಸ್ತಿಯೆಲ್ಲ ತನಗೆ ಸೇರುವಂತೆ ಶಿಪ್‌ಮನ್ ನಕಲಿ ಉಯಿಲೊಂದನ್ನು ಸೃಷ್ಟಿಸಿದ್ದ. ವಕೀಲೆಯಾಗಿದ್ದ ಮಗಳು ಅದನ್ನು ನಂಬಲಿಲ್ಲ. ಹೂತಿದ್ದ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಡಯಾಮಾರ್ಫಿನ್ ಪ್ರಯೋಗ ಬಯಲಾಯಿತು. 2000ದ ಜನವರಿ 31ರಂದು 15 ಕೊಲೆಗಳಿಗಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಡೇಮ್ ಜಾನೆಟ್ ಸ್ಮಿತ್ ನೇತೃತ್ವದ ವಿಚಾರಣಾ ಆಯೋಗ 2002ರಲ್ಲಿ ಅವನು ಕೊಂದವರ ಸಂಖ್ಯೆಯನ್ನು 215 ಎಂದು ನಿರ್ಣಯಿಸಿತು. 2004ರ ಜನವರಿಯಲ್ಲಿ ಶಿಪ್‌ಮನ್ ಸೆರೆಮನೆಯಲ್ಲಿ ನೇಣು ಹಾಕಿಕೊಂಡ. ತಾನೇಕೆ ಕೊಂದೆನೆಂದು ಕೊನೆಯವರೆಗೂ ಹೇಳಲಿಲ್ಲ.

ಡಾ. ರೆನಾಲ್ಡ್ಸ್ 2000ದಲ್ಲಿಯೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಮ್ಮ ಸಂಶಯ ಎಷ್ಟು ದೊಡ್ಡ ಸತ್ಯವನ್ನು ಮುಟ್ಟಿತ್ತೆಂಬುದನ್ನು ಅವರು ಪೂರ್ತಿಯಾಗಿ ಅರಿಯಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂತಹ ಪ್ರತಿಯೊಂದು ಮರಣ ಪ್ರಮಾಣಪತ್ರವನ್ನೂ ಸ್ವತಂತ್ರ ವೈದ್ಯರೊಬ್ಬರು ಪರಿಶೀಲಿಸುವುದು ಕಡ್ಡಾಯವಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ವೈದ್ಯರನ್ನು ನಂಬಿದ ಆ ವೃದ್ಧರದು ತಪ್ಪೆಂದು ನಾನು ಹೇಳಲಾರೆ. ನಂಬದೆ ರೋಗಿ ಬದುಕುವುದು ಹೇಗೆ? ಅವರ ಪರವಾಗಿ ಸಂಶಯಪಡಬೇಕಾದ ಹೊಣೆ ಎರಡನೆಯ ಸಹಿ ಹಾಕಿದವರದಾಗಿತ್ತು. ನನ್ನ ಹಳೆಯ ಅಂಕಪಟ್ಟಿಗಳಿಂದ ಯಾರ ಪ್ರಾಣವೂ ಹೋಗಿರಲಾರದು. ಆದರೂ ನೋಡದೆ ಹಾಕಿದ ಸಹಿ ಅದೇ ಜಾತಿಯದೆಂಬ ಅರಿವು ಈ ವಯಸ್ಸಿನಲ್ಲಿ ನನ್ನನ್ನು ಚುಚ್ಚುತ್ತಿದೆ.